ಆಯಿಲ್ ಫಿಲ್ಟರ್ ಉಲ್ಟಾ ಹಾಕಿ ಕಳಿಸಿದ್ದಾರೆ! ಪಿಕಪ್-ಡ್ರಾಪ್ ಸರ್ವಿಸ್‌ಗೆ ಗಾಡಿ ಕೊಡೋ ಮುಂಚೆ ಓದಿ

ಗ್ಯಾರೇಜಿನ ಹೆಸರು ಇಲ್ಲಿ ಹಾಕಲ್ಲ, ಕೇಳಬೇಡಿ. ಬೆಂಗಳೂರಲ್ಲಿ ಈಗ ಏರಿಯಾಕ್ಕೊಂದು ಇಂಥದ್ದಿದೆ. ಬೆಳಿಗ್ಗೆ ಹುಡುಗ ಬಂದು ಕೀ ಇಸ್ಕೊಂಡು ಹೋಗ್ತಾನೆ, ಸಂಜೆ ಗಾಡಿ ತೊಳೆದು, ಟೈರಿಗೆ ಪಾಲಿಶ್ ಹಚ್ಚಿ ಮನೆ ಮುಂದೆ ತಂದು ನಿಲ್ಲಿಸ್ತಾನೆ. ನಡುವೆ ಏನು ಮಾಡಿದ್ರು ಅಂತ ನೋಡಿದವರು ಯಾರೂ ಇಲ್ಲ. ಅಲ್ಲೇ ಇರೋದು ಮಜಾ.

ನನ್ನದು 150 ಸಿಸಿ ಬೈಕು. ಏರ್ ಕೂಲ್ಡ್ ಇಂಜಿನ್, ಬಲಗಡೆ ಮೂರು ಬೋಲ್ಟಿನ ದುಂಡು ಮುಚ್ಚಳ, ಅದರೊಳಗೆ ಪೇಪರ್ ಫಿಲ್ಟರ್. ಹೇಳಿದ ಕೆಲಸ ಆಯಿಲ್ ಚೇಂಜ್, ಫಿಲ್ಟರ್ ಚೇಂಜ್, ಅಷ್ಟೇ. ಗೊತ್ತಿರೋರು ಮಾಡಿದ್ರೆ ಅರ್ಧ ಗಂಟೆ ಕೆಲಸ. ಬಿಲ್ಲಲ್ಲಿ ಆಯಿಲ್, ಫಿಲ್ಟರ್, 'ಓ-ರಿಂಗ್ ಸೆಟ್', ಡ್ರೈನ್ ವಾಷರ್, ಲೇಬರ್, ಕೊನೆಗೆ ಎಲ್ಲರೂ ಹಾಕೋ ಹಾಗೆ 'ಕನ್ಸ್ಯೂಮಬಲ್ಸ್' ಅಂತ ಒಂದು ಸಾಲು. ಓ-ರಿಂಗ್ ಅಂದ್ರೆ ಎಣ್ಣೆ ಸೋರದಂತೆ ತಡೆಯೋ ರಬ್ಬರ್ ಬಳೆ. ಆ ಸಾಲು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ.

ಹೊಸ ಆಯಿಲ್ ಬಿದ್ದ ಗಾಡಿ ಸದ್ದು ಕಮ್ಮಿ ಮಾಡಬೇಕು ತಾನೇ? ಇದು ಹೆಡ್‌ನಲ್ಲಿ (ಇಂಜಿನ್ನಿನ ಮೇಲ್ಭಾಗ ಅದು) ಟಕಟಕ ಅಂತ ಶುರು ಮಾಡ್ತು. ತಣ್ಣಗಿದ್ದಾಗ ಸ್ವಲ್ಪ, ನಾಯಂಡಹಳ್ಳಿ ಸಿಗ್ನಲ್ಲಲ್ಲಿ ಬಿಸಿಯಾಗಿ ನಿಂತಾಗ ಪಕ್ಕದ ಆಟೋದವರು ತಿರುಗಿ ನೋಡೋಷ್ಟು. ಫೋನ್ ಮಾಡಿದ್ರೆ ಮೊದಲ ಉತ್ತರ: "ಸಾರ್, ಹಳೇ ಗಾಡಿ ಅಲ್ವಾ, ಟ್ಯಾಪೆಟ್ ಸೌಂಡ್ ಅದು. ಹೊಸ ಆಯಿಲ್ ಸೆಟ್ ಆಗ್ಲಿ, ಹೋಗುತ್ತೆ." ಟ್ಯಾಪೆಟ್ ಅಂದ್ರೆ ಹೆಡ್ಡಲ್ಲಿ ವಾಲ್ವ್ ಒತ್ತೋ ಭಾಗ. ಸರಿ, ಆಯಿಲ್ ಏನ್ ಸೆಟ್ ಆಗುತ್ತೆ ಸ್ವಾಮಿ? ಸಿಮೆಂಟಾ ಅದು?

ಆಮೇಲೆ ಫಿಲ್ಟರ್ ಮುಚ್ಚಳದ ಕೆಳಗಂಚಲ್ಲಿ ಎಣ್ಣೆ ಜಿನುಗೋಕೆ ಶುರುವಾಯ್ತು. ಸೈಲೆನ್ಸರ್ ಬೆಂಡ್ ಮೇಲೆ ಬಿದ್ದು ಸುಟ್ಟ ವಾಸನೆ. ಮೊಬೈಲಲ್ಲಿ ವಿಡಿಯೊ ಆನ್ ಮಾಡಿಟ್ಟೇ ಬಿಚ್ಚಿದೆ. ಎಲ್ಲಾ ಅದರಲ್ಲಿದೆ.

8 ನಂಬರ್ ಟಿ-ಸ್ಪ್ಯಾನರ್ ಹಾಕಿದ್ರೆ ಮೊದಲ ಬೋಲ್ಟು ಕೈಬೆರಳಲ್ಲೇ ತಿರುಗ್ತು. ಎರಡನೇದು ಪರವಾಗಿಲ್ಲ. ಮೂರನೇದು ಸುತ್ತುತ್ತಾನೇ ಇತ್ತು, ಆಚೆ ಬರ್ತಿಲ್ಲ. ಥ್ರೆಡ್ ಹೋಗಿದೆ! ಅವು 6 ಎಂಎಂ ಬೋಲ್ಟು, ಕೂತಿರೋದು ಅಲ್ಯೂಮಿನಿಯಂನಲ್ಲಿ. ಅದಕ್ಕೆ ಬೇಕಾಗಿರೋದು ಸುಮಾರು 10 ನ್ಯೂಟನ್ ಮೀಟರ್, ಅಂದ್ರೆ ಚಿಕ್ಕ ಸ್ಪ್ಯಾನರ್ ಹಿಡಿದು ಮಣಿಕಟ್ಟಲ್ಲಿ ಕೊಡೋ ಬಿಗಿ. ಅದಕ್ಕೆ ಗಾಳಿ ಒತ್ತಡದಲ್ಲಿ ಬೋಲ್ಟ್ ಬಿಗಿಯೋ ಏರ್ ಗನ್ ಹಿಡಿದವನಿಗೆ ಏನು ಹೇಳೋಣ.

ಮುಚ್ಚಳ ತೆಗೆದೆ. ಮೊದಲು ಕಂಡಿದ್ದು ಬೂದು ಬಣ್ಣದ ಅನಾಬಾಂಡ್, ಅಂದ್ರೆ ಸಂದಿ ಮುಚ್ಚೋಕೆ ಬಳಿಯೋ ಗಮ್. ಓ-ರಿಂಗ್ ಇರೋ ಜಾಗಕ್ಕೆ ಯಾರಾದ್ರೂ ಅನಾಬಾಂಡ್ ಬಳೀತಾರಾ? ಕೆಳಗೆ ಅದೇ ಹಳೇ ಓ-ರಿಂಗ್, ಒಂದು ಕಡೆ ಚಪ್ಪಟೆಯಾಗಿ, ಉಗುರಲ್ಲಿ ಒತ್ತಿದ್ರೆ ಪ್ಲಾಸ್ಟಿಕ್ ಥರ ಗಟ್ಟಿ. ಬಿಲ್ಲಲ್ಲಿ 'ಓ-ರಿಂಗ್ ಸೆಟ್'. ದುಡ್ಡು ತಗೊಂಡು ಹಳೇದನ್ನೇ ಹಾಕಿ ಮೇಲೆ ಗಮ್ ಬಳಿದಿದ್ದಾರೆ. ಅದು ಸೋರಿಕೆಗೂ ಮದ್ದಲ್ಲ, ಇನ್ನೊಂದು ಅಪಾಯ ಬೇರೆ: ಒಳಕ್ಕೆ ಹಿಂಡಿಕೊಂಡ ಗಮ್ ಚೂರು ಚೂರಾಗಿ ಕಿತ್ತು ಬಂದು ಆಯಿಲ್ ಹೋಗೋ ಸಣ್ಣ ತೂತಿಗೆ ಅಡ್ಡ ಕೂರುತ್ತೆ. ಅಂಥ ಒಂದು ಚೂರು ಫಿಲ್ಟರ್ ಮನೆಯೊಳಗೇ ಸಿಕ್ತು.

ಆಮೇಲೆ ಫಿಲ್ಟರು. ಈ ಫಿಲ್ಟರಿಗೆ ಒಂದು ಕಡೆ ರಬ್ಬರ್ ಅಂಚಿನ ತೂತಿರುತ್ತೆ, ಇನ್ನೊಂದು ಕಡೆ ತಗಡು ಮುಚ್ಚಿರುತ್ತೆ. ತೂತಿರೋ ಕಡೆ ಇಂಜಿನ್ ಒಳಕ್ಕೆ. ಮುಚ್ಚಿರೋ ಕಡೆ ಆಚೆಗೆ, ಅದರ ಮೇಲೆ ಸ್ಪ್ರಿಂಗು, ಅದರ ಮೇಲೆ ಮುಚ್ಚಳ. ಇಲ್ಲಿ ಮುಚ್ಚಳ ತೆಗೆದ ತಕ್ಷಣ ತೂತು ನನ್ನ ಕಡೆ ನೋಡ್ತಿತ್ತು. ಉಲ್ಟಾ! ಸ್ಪ್ರಿಂಗಿಗೆ ಕೂರೋಕೆ ಜಾಗ ಇಲ್ಲದೆ ತೂತಿನೊಳಗೆ ಅರ್ಧ ಇಳಿದು ಸೊಟ್ಟಗೆ ನಿಂತಿತ್ತು. ಟಾರ್ಚ್ ಹಿಡ್ಕೊಂಡು ಎರಡೆರಡು ಸಲ ನೋಡಿದೆ, ನಂಬೋಕಾಗಲಿಲ್ಲ. ದುಡ್ಡು ಕೊಟ್ಟು, ರೇಟಿಂಗ್ ಕೊಟ್ಟು, ಪಕ್ಕದ ಮನೆಯವರಿಗೂ ನಂಬರ್ ಕೊಟ್ಟಿದ್ದ ಜಾಗ ಇದು. ಅವರ ಮುಖ ಹೇಗೆ ನೋಡೋದು ಹೇಳಿ.

ಉಲ್ಟಾ ಹಾಕಿದ್ರೆ ಏನಾಗುತ್ತೆ ಅನ್ನೋರಿಗೆ: ಪಂಪಿಂದ ಬರೋ ಆಯಿಲ್ ಫಿಲ್ಟರಿನ ಸುತ್ತ ತುಂಬಿಕೊಂಡು, ಪೇಪರ್ ದಾಟಿ ಒಳಕ್ಕೆ ಬಂದು, ನಡುವಿನ ತೂತಿಂದ ಕ್ರ್ಯಾಂಕಿಗೂ ಹೆಡ್ಡಿಗೂ ಹೋಗಬೇಕು. ಉಲ್ಟಾ ಇದ್ದಾಗ ಆ ದಾರಿಗೆ ಅಡ್ಡ ನಿಲ್ಲೋದು ತಗಡು. ಗಟ್ಟಿಯಾಗಿ ಕೂತರೆ ಎಣ್ಣೆ ದಾರಿನೇ ಬಂದ್. ನನ್ನದರಲ್ಲಿ ಸ್ಪ್ರಿಂಗ್ ಸರಿಯಾಗಿ ಒತ್ತದೆ ಇದ್ದಿದ್ದಕ್ಕೆ ತಗಡಿನ ಸಂದಿಯಲ್ಲಿ ಒಂದಿಷ್ಟು ಎಣ್ಣೆ ನುಸುಳಿದೆ, ಅದೂ ಫಿಲ್ಟರ್ ಆಗದೆ. ಇಲ್ಲಾಂದ್ರೆ ಇಂಜಿನ್ ಜಾಮ್. ಮೊದಲು ಸೊರಗೋದು ಮೇಲಿರೋ ಹೆಡ್ಡು, ಯಾಕಂದ್ರೆ ಎಣ್ಣೆ ಕೊನೆಗೆ ತಲುಪೋದು ಅಲ್ಲಿಗೆ. ಟ್ಯಾಪೆಟ್ ಮುಚ್ಚಳ ತೆಗೆದು ನೋಡಿದ್ರೆ ವಾಲ್ವ್ ಒತ್ತೋ ರಾಕರ್ ತೋಳಿನ ತುದಿ ಒಣ ಒಣ. ಆ ರಾಕರನ್ನ ಎತ್ತೋ ಕ್ಯಾಮ್ ಉಬ್ಬಿನ ಮೇಲೆ ಉಗುರಿಗೆ ಸಿಗೋಷ್ಟು ಗೀರು. ಕನ್ನಡಿ ಥರ ಇರಬೇಕಾದ ಜಾಗ ಅದು. ಕ್ಯಾಮ್, ರಾಕರ್, ಮೂರನೇ ಬೋಲ್ಟಿಗೆ ಹೆಲಿಕಾಯಿಲ್ (ಹೋದ ಥ್ರೆಡ್ ಜಾಗಕ್ಕೆ ಕೂರಿಸೋ ಸುರುಳಿ), ಲೇತ್‌ನವರ ಖರ್ಚು ಎಲ್ಲಾ ಈಗ ನನ್ನ ತಲೆ ಮೇಲೆ. ಸ್ಪೇರ್ ಪಾರ್ಟ್ಸ್ ಸಿಗೋ ಜೆ.ಸಿ. ರೋಡಲ್ಲಿ ಕ್ಯಾಮ್ ರೇಟ್ ಕೇಳಿ ಬಂದೆ, ಆ ಸರ್ವಿಸ್ ಬಿಲ್ಲಿಗಿಂತ ಜಾಸ್ತಿ.

ಇನ್ನು ಅವರ ಉತ್ತರಗಳು. ಫೋಟೊ ಕಳಿಸಿದೆ. "ನೋಡ್ತೀವಿ ಸಾರ್." ವಿಡಿಯೊ ಕಳಿಸಿದೆ. ನೀಲಿ ಟಿಕ್ ಬಂತು, ಉತ್ತರ ಇಲ್ಲ. ಫೋನ್ ಮಾಡಿದ್ರೆ ಸೂಪರ್‌ವೈಸರ್: "ಯಾವ ಕಡೆ ಹಾಕಿದ್ರೂ ಒಂದೇ ಸಾರ್, ಫಿಲ್ಟರ್ ಅಲ್ವಾ, ಆಯಿಲ್ ಹೆಂಗಾದ್ರೂ ಹೋಗುತ್ತೆ." ಇದನ್ನ ಹೇಳಿದ್ದು ಕೆಲಸ ಕಲೀತಿರೋ ಹುಡುಗ ಅಲ್ಲ, ಸೂಪರ್‌ವೈಸರ್. ಆಮೇಲೆ ಓನರ್: "ನೀವೇ ಬಿಚ್ಚಿದ್ದೀರಲ್ಲ, ನೀವೇ ಉಲ್ಟಾ ಹಾಕಿಲ್ಲ ಅಂತ ಏನ್ ಗ್ಯಾರಂಟಿ?" ಬೋಲ್ಟ್ ಬಿಚ್ಚೋದ್ರಿಂದ ಹಿಡಿದು ವಿಡಿಯೊ ಇದೆ ಅಂದೆ. ದನಿ ಬದಲಾಯ್ತು. "ಹೋಗ್ಲಿ ಬಿಡಿ ಬ್ರದರ್, ನೆಕ್ಸ್ಟ್ ಸರ್ವಿಸ್ ಲೇಬರ್ ಫ್ರೀ." ನೆಕ್ಸ್ಟ್ ಸರ್ವಿಸ್ ಅಂತೆ! ಮತ್ತೆ ಅವರ ಕೈಗೇ ಗಾಡಿ ಕೊಡಬೇಕಂತೆ! ಕ್ಯಾಮ್ ದುಡ್ಡು ಕೇಳಿದ ಮೇಲೆ ನನ್ನ ನಂಬರ್ ಬ್ಲಾಕ್.

ನಿಮ್ಮ ಗಾಡಿ ಕೊಡೋದಾದ್ರೆ ಎದುರಿಗೇ ನಿಂತು ಮಾಡಿಸಿ. ನಿಲ್ಲೋಕೆ ಬಿಡಲ್ಲ ಅಂದ್ರೆ ಕೊಡಬೇಡಿ. ಹಳೇ ಫಿಲ್ಟರು, ಹಳೇ ಓ-ರಿಂಗು, ಹಳೇ ವಾಷರು, ಖಾಲಿ ಆಯಿಲ್ ಬಾಟ್ಲು ನಾಲ್ಕೂ ವಾಪಸ್ ಕೇಳಿ. ಕೊಡೋಕೆ ತಡವರಿಸಿದ್ರೆ ಅರ್ಥ ಮಾಡ್ಕೊಳ್ಳಿ. ಹಳೇ ಫಿಲ್ಟರ್ ತೆಗೆಯುವಾಗ ಯಾವ ಮುಖ ಆಚೆಗಿತ್ತು, ಸ್ಪ್ರಿಂಗ್ ಎಲ್ಲಿತ್ತು ಅಂತ ಒಂದು ಫೋಟೊ ತೆಗೀರಿ. ಎಲ್ಲಾ ಇಂಜಿನ್ ಒಂದೇ ಥರ ಅಲ್ಲ: ಕೆಲವದರಲ್ಲಿ ಸ್ಪ್ರಿಂಗ್ ಒಳಗಡೆ, ಕೆಲವದರಲ್ಲಿ ಮುಚ್ಚಳದ ಕಡೆ. ಹೋಂಡಾ ಸಿಬಿಆರ್ 250ಆರ್ ಥರದ ಗಾಡಿ ಫಿಲ್ಟರಿನ ಮೇಲೆ 'ಔಟ್ ಸೈಡ್' ಅಂತ ಬರೆದೇ ಇರುತ್ತೆ, ಅಕ್ಷರ ಆಚೆಗೆ ಕಾಣಬೇಕು. ಡಬ್ಬಿ ಥರ ತಿರುಗಿಸಿ ಹಾಕೋ ಫಿಲ್ಟರ್ ಇದ್ರೆ ಹಳೇ ಗ್ಯಾಸ್ಕೆಟ್ ಇಂಜಿನ್ನಿಗೇ ಅಂಟಿಕೊಂಡಿದ್ಯಾ ಅಂತ ಕೈಯಾಡಿಸಿ ನೋಡಿ. ಅದರ ಮೇಲೆ ಇನ್ನೊಂದು ಕೂತ್ರೆ ಎಣ್ಣೆಯೆಲ್ಲ ರಸ್ತೆಗೆ, ಅದೂ ಹಿಂದಿನ ಟೈರಿನ ದಾರಿಯಲ್ಲಿ.

ಆಯಿಲ್ ಅಳತೆ ಮ್ಯಾನ್ಯುಯಲ್ ನೋಡಿ. ಬರೀ ಆಯಿಲ್ ಬದಲಿಸಿದ್ರೆ ಒಂದು ಲೆಕ್ಕ, ಫಿಲ್ಟರೂ ಬದಲಿಸಿದ್ರೆ ಸ್ವಲ್ಪ ಜಾಸ್ತಿ ಹಿಡಿಯುತ್ತೆ. ಬಾಟ್ಲಲ್ಲಿದೆ ಅಂತ ಪೂರ್ತಿ ಸುರೀತಾರೆ, ಅದೂ ತಪ್ಪು. ಬಾಟ್ಲ ಮೇಲೆ ಜಾಸೊ ಎಂಎ2 ಗುರುತು ನೋಡಿ, ಕ್ಲಚ್ಚೂ ಆಯಿಲಲ್ಲೇ ಮುಳುಗಿರೋ ಬೈಕಿಗೆ ಹೊಂದೋ ಆಯಿಲ್ ಅಂತ ಅದರರ್ಥ. ಕಾರಿನ ಆಯಿಲ್ ಡ್ರಮ್ಮಿಂದ ಬಗ್ಗಿಸೋ ಜಾಗಗಳೂ ಇವೆ, ಕ್ಲಚ್ ಜಾರೋಕೆ ಶುರುವಾಗುತ್ತೆ.

ಕೆಲಸ ಮುಗಿದ ಮೇಲೆ ಸ್ಟಾರ್ಟ್ ಮಾಡಿ, ಆಕ್ಸಿಲರೇಟರ್ ಕೊಡದೆ ಐಡಲ್‌ನಲ್ಲಿ ಬಿಡಿಸಿ. ಒಂದೆರಡು ನಿಮಿಷ ಆದ ಮೇಲೆ ಹೆಡ್ ಸದ್ದು ಏರ್ತಿದ್ರೆ ತಕ್ಷಣ ಆಫ್. ಟ್ಯಾಪೆಟ್ ಮುಚ್ಚಳ ಸುಲಭವಾಗಿ ಬರೋ ಗಾಡಿಯಾದ್ರೆ ತೆಗೆಸಿ ನೋಡಿ, ರಾಕರ್ ಹತ್ತಿರ ಎಣ್ಣೆ ಬಂದಿರಲೇಬೇಕು. ಅದು ಕಾಣೋವರೆಗೂ ದುಡ್ಡು ಕೊಡಬೇಡಿ, ಯುಪಿಐ ಅಡ್ವಾನ್ಸ್ ಅಂತೂ ಬೇಡವೇ ಬೇಡ. ನಾನು 1915ಕ್ಕೆ, ಅಂದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಟ್ಟಿದ್ದೀನಿ. ಬಿಲ್ಲು, ವಿಡಿಯೊ, ಹಳೇ ಓ-ರಿಂಗ್, ಗೀರು ಬಿದ್ದ ಕ್ಯಾಮ್ ಎಲ್ಲಾ ಒಂದು ಕವರಿಗೆ ಹಾಕಿಟ್ಟಿದ್ದೀನಿ. ಪಕ್ಕದ ಮನೆಯವರ ಗಾಡಿನೂ ಅಲ್ಲೇ ಸರ್ವಿಸ್ ಆಗಿದೆ, ಭಾನುವಾರ ಅದರ ಮುಚ್ಚಳನೂ ಬಿಚ್ಚಬೇಕು.