ಒಂಟಿ ಕೆನೂಗೆ ಯಾವ ಸೀಟು: ಬಕೆಟ್, ಪೆಡೆಸ್ಟಲ್, ಪಟ್ಟಿ ಹೆಣೆದದ್ದು

ಕಾಡಿನ ಸರೋವರಗಳಲ್ಲಿ ಒಂಟಿಯಾಗಿ ದಿನಗಟ್ಟಲೆ ತಿರುಗಬೇಕು ಅಂತ ಕೆನೂ (ಹುಟ್ಟು ಹಾಕಿ ನಡೆಸುವ, ಮೇಲೆ ತೆರೆದ ಕಿರಿದಾದ ದೋಣಿ) ಕೊಂಡಾಗ ಉದ್ದ ನೋಡಿದೆ, ತೂಕ ನೋಡಿದೆ. ಸೀಟು ಮಾತ್ರ ನೋಡಲಿಲ್ಲ. ಕೂರೋದಕ್ಕೊಂದು ಜಾಗ, ಅದರಲ್ಲೇನು ಅಂದುಕೊಂಡೆ. ಬಂದದ್ದು ಬಕೆಟ್ ಸೀಟು, ಅಂದರೆ ಕುಂಡೆ ಕೂರುವಂತೆ ಗುಂಡಿ ಮಾಡಿದ ತಗ್ಗಿನ ಸೀಟು. ಎರಡನೇ ವರ್ಷ ಅದನ್ನು ಕಿತ್ತು, ಮುಂದಕ್ಕೆ ವಾಲಿದ, ನೈಲಾನ್ ಪಟ್ಟಿ ಹೆಣೆದ ಸೀಟು ಹಾಕಿದೆ. ನನ್ನ ಪಕ್ಷ ಯಾವುದು ಅಂತ ಗೊತ್ತಾಯ್ತಲ್ವಾ, ಮುಂದೆ ಓದಿ.

ಬಕೆಟ್ ಸೀಟಿನಲ್ಲಿ ಸುಖ ಇದೆ, ಸುಳ್ಳು ಹೇಳಬಾರದು. ತಗ್ಗಿನಲ್ಲಿ ಕೂರುವುದರಿಂದ ದೋಣಿ ಅಷ್ಟಾಗಿ ಹೊಯ್ದಾಡುವುದಿಲ್ಲ. ಕಾಲು ಚಾಚಿ ಫುಟ್‌ಬಾರಿಗೆ ಒತ್ತಿಕೊಂಡು, ಬಾಗಿದ ಹುಟ್ಟು ಹಾಕುತ್ತಾ ಹೋದರೆ ಗಾಳಿಯಿಲ್ಲದ ದಿನ ದಾರಿ ಸಾಗಿದ್ದೇ ಗೊತ್ತಾಗುವುದಿಲ್ಲ. ನನ್ನದು ಹಳಿಯ ಮೇಲೆ ಜಾರುತ್ತಿತ್ತು: ಎದುರುಗಾಳಿಗೆ ಸ್ವಲ್ಪ ಮುಂದೆ, ಹಿಂಗಾಳಿಗೆ ಸ್ವಲ್ಪ ಹಿಂದೆ. ಮಳೆ ಬಂದರೆ ಮಾತ್ರ ಗುಂಡಿಯಲ್ಲಿ ನೀರು ನಿಂತು ಕೂತ ಜಾಗವೆಲ್ಲ ತಣ್ಣಗೆ.

ಕೈಕೊಟ್ಟದ್ದು ಒಂದು ಮಧ್ಯಾಹ್ನ. ದೊಡ್ಡ ಸರೋವರದ ನಡುವೆ ಇದ್ದಾಗ ಅಡ್ಡಗಾಳಿ ಎದ್ದು, ಅಲೆ ಪಕ್ಕಕ್ಕೆ ಬಡಿಯತೊಡಗಿತು. ಇಂಥ ಹೊತ್ತಲ್ಲಿ ಮಂಡಿಯೂರಿದರೆ ಧೈರ್ಯ. ಮಂಡಿ ಎರಡೂ ತಳದಲ್ಲಿ, ಕುಂಡೆ ಸೀಟಿನ ಅಂಚಿಗೆ. ಮೂರು ಕಡೆ ಹಿಡಿತ ಸಿಗುತ್ತದೆ. ಆದರೆ ಬಕೆಟ್ ಸೀಟಿನ ಅಡಿಗೆ ಪಾದ ಹೋಗುವಷ್ಟು ಜಾಗವೇ ಇಲ್ಲ. ಸೀಟಿನ ಮುಂದೆ, ಹಿಮ್ಮಡಿ ಮೇಲೆ ಕೂತೆ. ನನ್ನ ಭಾರ ಮುಂದೆ ಬಂದದ್ದೇ ದೋಣಿಯ ಮೂತಿ ನೀರಿಗೆ ತಗ್ಗಿ ಗಾಳಿಯತ್ತ ತಿರುಗತೊಡಗಿತು. ಹತ್ತು ನಿಮಿಷಕ್ಕೆ ಕಾಲು ಜೋಮು. ದಡ ಮುಟ್ಟಿದಾಗ ಇಳಿದು ನಿಲ್ಲುವುದಕ್ಕೂ ಆಗಲಿಲ್ಲ.

ಪೆಡೆಸ್ಟಲ್ ಅಂದರೆ ತಳಕ್ಕೆ ಅಂಟಿಸಿದ ಫೋಮ್ ದಿಮ್ಮಿ, ಜೊತೆಗೆ ತೊಡೆಗೆ ಪಟ್ಟಿ. ಸ್ನೇಹಿತರ ದೋಣಿಯಲ್ಲಿ ಎರಡು ದಿನ ಕೂತೆ. ರಭಸದ ನೀರಿನಲ್ಲಿ ಅದರ ಹಿಡಿತಕ್ಕೆ ಸಾಟಿಯಿಲ್ಲ. ಆದರೆ ಅದರ ಮೇಲೆ ಮಂಡಿಯೂರಿಯೇ ಇರಬೇಕು, ದಿನವಿಡೀ ಒಂದೇ ಭಂಗಿ ನನ್ನ ಮಂಡಿಗೆ ಆಗದು. ಮಂಡಿಯೂರುವವರಿಗೆಂದೇ ಹಾಕುವ ಬರೀ ಅಡ್ಡಪಟ್ಟಿಯೂ ಇದೆ. ಹಗುರ, ಆದರೆ ಅದರ ಮೇಲೆ ನೆಮ್ಮದಿಯಾಗಿ ಕೂರಲಾಗದು.

ಪಟ್ಟಿ ಸೀಟಿನಲ್ಲಿ ಕೂರಲೂಬಹುದು, ಮಂಡಿಯೂರಲೂಬಹುದು. ಮುಂದಿನ ಅಂಚು ತಗ್ಗಿರುವುದರಿಂದ ಮಂಡಿಯೂರಿದಾಗ ತೊಡೆಯ ಹಿಂಬದಿಗೆ ಒತ್ತುವುದಿಲ್ಲ. ನೀರು ಸೋರಿಹೋಗುತ್ತದೆ.

ತಲೆನೋವೆಲ್ಲ ಎತ್ತರದ್ದು. ಈ ಸೀಟು ದೋಣಿಯ ಅಂಚಿನಿಂದ ನಾಲ್ಕು ಬೋಲ್ಟಿನಲ್ಲಿ ನೇತಾಡುತ್ತದೆ, ನಡುವೆ ಮರದ ತುಂಡುಗಳು. ತುಂಡು ಉದ್ದವಾದಷ್ಟೂ ಸೀಟು ತಗ್ಗು. ತಗ್ಗಿದ್ದರೆ ದೋಣಿ ಗಟ್ಟಿ ಅಂತ ನಾನು ಉದ್ದದ ತುಂಡು ಹಾಕಿದೆ. ಅಂಗಳದಲ್ಲಿ ಚಪ್ಪಲಿ ಹಾಕಿಕೊಂಡು ಅಳತೆ ನೋಡಿದ್ದೇ ತಪ್ಪು. ಮೊದಲ ಪ್ರವಾಸಕ್ಕೆ ದಪ್ಪ ಅಟ್ಟೆಯ ಬೂಟು. ದಡಕ್ಕೆ ಬಂದು ಏಳಹೊರಟರೆ ಬಲಗಾಲಿನ ಹಿಮ್ಮಡಿ ಸೀಟಿನ ಚೌಕಟ್ಟಿಗೆ ಸಿಕ್ಕಿಕೊಂಡಿತು. ಎಳೆದೆ, ವಾಲಿದೆ, ಮೊಣಕಾಲುದ್ದ ನೀರಿಗೆ ಬಿದ್ದೆ. ಅಲ್ಲಿ ನಗು ಬಂತು. ಆಳದಲ್ಲಿ ದೋಣಿ ಮಗುಚಿ ಕಾಲು ಹೀಗೆ ಸಿಕ್ಕಿಕೊಂಡಿದ್ದರೆ? ಆ ರಾತ್ರಿ ಟೆಂಟಿನಲ್ಲಿ ಅದೇ ಯೋಚನೆ.

ವಾಪಸು ಬಂದು ನಾಲ್ಕೂ ತುಂಡು ಸ್ವಲ್ಪ ಸ್ವಲ್ಪವೇ ಕೊಯ್ದೆ. ಪ್ರತಿ ಸಲವೂ ಒದ್ದೆ ಬೂಟು ಹಾಕಿ, ಮಂಡಿಯೂರಿ, ಕಾಲು ಎಳೆದು ನೋಡುವುದು. ಎಲ್ಲೂ ತಾಗದೆ ಸಲೀಸಾಗಿ ಬಂದಾಗ ನಿಲ್ಲಿಸಿದೆ. ಕೂತಾಗ ದೋಣಿ ಮೊದಲಿಗಿಂತ ತುಸು ಜಾಸ್ತಿ ಅಲುಗುತ್ತದೆ, ಅಲುಗಲಿ. ಆಮೇಲೆ ಹೊಸ ಕಿರಿಕಿರಿ: ತುಂಡು ಗಿಡ್ಡವಾದ ಮೇಲೆ ಬೋಲ್ಟಿನ ತುದಿ ನಟ್ಟಿನ ಕೆಳಗೆ ಚಾಚಿಕೊಂಡು, ಮಳೆಪ್ಯಾಂಟು ಹರಿಯಿತು. ಗರಗಸದಲ್ಲಿ ಕೊಯ್ದು, ಅರದಿಂದ ಉಜ್ಜಿ, ಟೋಪಿ ನಟ್ಟು ಹಾಕಿದೆ.

ದೋಣಿ ಹೊತ್ತು ನಡೆಯುವಾಗ ಯಾವ ಸೀಟಾದರೂ ನಡುವೆಯೇ ಇರುತ್ತದೆ. ಹಾಗಾಗಿ ದೋಣಿಯನ್ನು ಹೆಗಲ ಮೇಲೆ ಹೊರಲು ನಡುವೆ ಅಡ್ಡ ಹಾಕುವ ನೊಗವನ್ನು ಪ್ರತಿ ಸಲ ಹಾಕಿ ಬಿಚ್ಚುವ ಕೆಲಸ ತಪ್ಪದು.

ದುಡ್ಡಿನ ಲೆಕ್ಕದಲ್ಲೂ ಜಾರುವ ಬಕೆಟ್ಟಿಗಿಂತ ಪಟ್ಟಿ ಸೀಟು ಅಗ್ಗ. ನಾನು ಅರ್ಧ ದಿನ ಕೂರುತ್ತೇನೆ, ಗಾಳಿ ಎದ್ದರೆ ಮಂಡಿಯೂರುತ್ತೇನೆ, ನನಗೆ ಇದೇ ಸರಿ. ಮಂಡಿಯೂರುವುದೇ ಇಲ್ಲ ಅನ್ನುವವರು ಬಕೆಟ್ ತಗೊಳ್ಳಿ, ಜೊತೆಗೊಂದು ಸ್ಪಂಜು. ಪಟ್ಟಿ ಸೀಟು ಹಾಕಿಸುವವರು ಬೂಟು ತೊಟ್ಟೇ ಅಳತೆ ಮಾಡಿ. ಒಂದೆರಡು ನಟ್ಟು ಜಾಸ್ತಿ ಇಟ್ಟುಕೊಳ್ಳಿ, ಸಡಿಲಾಗಿ ನೀರಿಗೆ ಬಿದ್ದದ್ದು ಸಿಗುವುದಿಲ್ಲ.