ತಂತಿ ಬಿಟ್ಟು ತಾರಸಿ ಹತ್ತಿದ ಮನೆಯ ಫೋನು: ಹದಿನಾಲ್ಕು ತಿಂಗಳ ಬಳಕೆಯ ನಂತರ

ಶಿವಮೊಗ್ಗದ ಹೊರವಲಯದ ಬಡಾವಣೆಯೊಂದರಲ್ಲಿರುವ ನಮ್ಮ ಮನೆಯಲ್ಲಿ ಈಗ ಅಮ್ಮ ಒಬ್ಬರೇ ಇರುತ್ತಾರೆ. ಕೈಯಲ್ಲಿ ಮೊಬೈಲ್ ಇದ್ದರೂ ಹಾಲಿನ ಮೂಲೆಯ ಸ್ಟೂಲಿನ ಮೇಲೆ ಕೂತಿರುವ ಫೋನೇ ಅವರ ಪಾಲಿಗೆ ನಿಜವಾದ ಫೋನು. ರಿಸೀವರ್ ಎತ್ತಿದೊಡನೆ ಡಯಲ್ ಟೋನ್ ಕೇಳಬೇಕು, ಉಳಿದದ್ದು ಹೇಗೆ ಬರುತ್ತದೆ ಎಂಬ ಗೊಡವೆ ಅವರಿಗಿಲ್ಲ. ಆ ಟೋನ್ ಮೊದಲು ತಾಮ್ರದ ತಂತಿಯಲ್ಲಿ ಬರುತ್ತಿತ್ತು, ಆಮೇಲೆ ಮೂರು ವರ್ಷ ಫೈಬರಿನಲ್ಲಿ ಬಂತು, ಈಗ ಹದಿನಾಲ್ಕು ತಿಂಗಳಿಂದ ತಾರಸಿಯ ಮೇಲೆ ಕೂರಿಸಿದ 5ಜಿ ಪೆಟ್ಟಿಗೆಯೊಂದರಿಂದ ಇಳಿದು ಬರುತ್ತಿದೆ. ಈ ಮೂರನೆಯ ವ್ಯವಸ್ಥೆ ಹೇಗಿದೆ ಎಂದು ಕೇಳುವ ನೆಂಟರಿಷ್ಟರ ಸಂಖ್ಯೆ ಹೆಚ್ಚಾಗಿರುವುದರಿಂದ ಇದನ್ನು ಬರೆಯುತ್ತಿದ್ದೇನೆ. ಕಂಪನಿಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಇಲ್ಲಿ ಹೇಳುವ ಗುಣದೋಷಗಳಲ್ಲಿ ಹೆಚ್ಚಿನವು ಈ ಬಗೆಯ ಸೇವೆಗೇ ಸೇರಿದವು.

ಫೈಬರ್ ಬಿಟ್ಟದ್ದಕ್ಕೆ ಕಾರಣ ಧ್ವನಿಯಲ್ಲ. ಫೈಬರಿನಲ್ಲಿ ಮಾತು ಸ್ಫಟಿಕದಂತೆ ಕೇಳುತ್ತಿತ್ತು. ಆದರೆ ನಮ್ಮ ಬೀದಿಗೆ ಅದು ನೆಲದಡಿಯಲ್ಲಿ ಬಂದಿರಲಿಲ್ಲ. ವಿದ್ಯುತ್ ಕಂಬದಿಂದ ಕಂಬಕ್ಕೆ ಜೋತು ಬೀಳುತ್ತ, ಎರಡು ತೆಂಗಿನ ಮರಗಳನ್ನು ಸವರುತ್ತ ಬಂದಿತ್ತು. ಮಳೆಗಾಲದಲ್ಲಿ ಗರಿ ಬಿದ್ದರೆ ತುಂಡು, ಬೇಸಿಗೆಯಲ್ಲಿ ಮಂಗಗಳು ಜಗ್ಗಿದರೆ ತುಂಡು. ತುಂಡಾದ ಎಳೆಗೆ ಬೆಸುಗೆ ಹಾಕುವ ಯಂತ್ರ ಹಿಡಿದುಕೊಂಡು ಹುಡುಗ ಬರುವವರೆಗೆ ಎರಡು ದಿನವೋ ಮೂರು ದಿನವೋ ಮನೆ ಮೂಕ. 2023ರ ಸೆಪ್ಟೆಂಬರ್ 19ರಂದು, ಗಣೇಶ ಚೌತಿಯ ದಿನ, ಜಿಯೊ ಕಂಪನಿಯು ತಂತಿಯಿಲ್ಲದೆ 5ಜಿ ಮೂಲಕ ಮನೆಗೆ ಅಂತರ್ಜಾಲ ತರುವ ತನ್ನ ಏರ್‌ಫೈಬರ್ ಸೇವೆಯನ್ನು ಆರಂಭಿಸಿತು. ಏರ್‌ಟೆಲ್ ಅದಕ್ಕೂ ಒಂದು ತಿಂಗಳು ಮುಂಚೆಯೇ ಇಂಥದ್ದನ್ನು ತಂದಿತ್ತು. ನಮ್ಮ ಬಡಾವಣೆಗೆ 5ಜಿ ಬಂದ ಮೇಲೆ ನಾವೂ ಮನಸ್ಸು ಮಾಡಿದೆವು.

ಅಳವಡಿಕೆಗೆ ಒಂದೂವರೆ ಗಂಟೆ ಹಿಡಿಯಿತು. ಅಡುಗೆಮನೆಯ ಸ್ಟೀಲ್ ಡಬ್ಬಿಯಷ್ಟು ದೊಡ್ಡದಾದ ಬಿಳಿಯ ಪೆಟ್ಟಿಗೆಯನ್ನು ತಾರಸಿಯ ಪ್ಯಾರಾಪೆಟ್ ಗೋಡೆಗೆ ಪೈಪು ಹಾಕಿ ನಿಲ್ಲಿಸಿ, ಟವರ್ ಇರುವ ದಿಕ್ಕಿಗೆ ತಿರುಗಿಸಿ, ಅದರಿಂದ ಒಂದು ಕೇಬಲ್ಲನ್ನು ಕಿಟಕಿಯ ಸಂದಿಯಿಂದ ಹಾಲಿಗೆ ಇಳಿಸಿ ರೌಟರಿಗೆ ಜೋಡಿಸಿದರು. ರೌಟರಿನ ಬೆನ್ನಿಗೆ ಹಳೆಯ ಟೆಲಿಫೋನ್ ವೈರು ಕೂರುವಂಥ ಸಣ್ಣ ಕಿಂಡಿಯೊಂದಿದೆ. ಅಮ್ಮನ ಹಳೆಯ ಬೀಟೆಲ್ ಫೋನಿನ ವೈರನ್ನು ಅದಕ್ಕೆ ಸಿಕ್ಕಿಸಿದರೆ ಮುಗಿಯಿತು. ರಿಸೀವರ್ ಎತ್ತಿ ಕಿವಿಗಿಟ್ಟ ಅಮ್ಮ, "ಟೋನು ಬರ್ತಾ ಇದೆ ಕಣೋ, ಆದ್ರೆ ಇದು ನಮ್ಮ ಟೋನಲ್ಲ" ಎಂದರು. ಅವರು ಹೇಳಿದ್ದು ಸರಿಯೇ. ತಾಮ್ರದ ಕಾಲದಲ್ಲಿ ಆ ಸದ್ದು ಎಕ್ಸ್‌ಚೇಂಜಿನಿಂದ ಬರುತ್ತಿತ್ತು. ಈಗ ಅದನ್ನು ಹುಟ್ಟಿಸುವುದು ಕೋಣೆಯಲ್ಲೇ ಇರುವ ರೌಟರು. ಇದರ ಒಂದು ಪರಿಣಾಮವೆಂದರೆ, ಟೋನ್ ಕೇಳಿದ ಮಾತ್ರಕ್ಕೆ ಲೈನ್ ಸರಿಯಿದೆ ಎಂದು ಹಿಂದಿನಂತೆ ನೂರಕ್ಕೆ ನೂರು ನಂಬಲಾಗುವುದಿಲ್ಲ.

ಹಳೆಯ ಸಂಖ್ಯೆ ಮಾತ್ರ ಉಳಿಯಲಿಲ್ಲ. ಮೊಬೈಲ್ ಸಂಖ್ಯೆಯನ್ನು ಒಂದು ಕಂಪನಿಯಿಂದ ಇನ್ನೊಂದಕ್ಕೆ ಒಯ್ಯುವ ಸೌಲಭ್ಯ 2011ರ ಜನವರಿಯಿಂದಲೇ ದೇಶದೆಲ್ಲೆಡೆ ಇದೆ, ಸ್ಥಿರ ದೂರವಾಣಿಗೆ ಅದಿಲ್ಲ. 08182 ಎಂಬ ಶಿವಮೊಗ್ಗದ ಕೋಡು ಹಾಗೆಯೇ ಇದ್ದು, ಮುಂದಿನ ಅಂಕಿಗಳೆಲ್ಲ ಹೊಸವಾದವು. ಮದುವೆ ಕರೆಯೋಲೆಗಳ ಹಿಂದೆ, ದೇವಸ್ಥಾನದ ಸೇವಾ ರಸೀದಿಗಳಲ್ಲಿ, ಗ್ಯಾಸ್ ಪುಸ್ತಕದಲ್ಲಿ ಬರೆದಿಟ್ಟ ಸಂಖ್ಯೆ ಒಮ್ಮೆಗೇ ಸತ್ತುಹೋಯಿತು. ಈ ಸೇವೆಗೆ ಹೋಗುವವರು ಎಲ್ಲಕ್ಕಿಂತ ಮೊದಲು ಯೋಚಿಸಬೇಕಾದ ಸಂಗತಿ ಇದೇ.

ಇನ್ನು ಧ್ವನಿ. ಅಂತರ್ಜಾಲದ ಮೂಲಕ ಹೋಗುವ ಮಾತು ಕಾಲುವೆಯ ನೀರಿನಂತೆ ಹರಿಯುವುದಿಲ್ಲ. 20 ಮಿಲಿಸೆಕೆಂಡಿನ ಚೂರುಗಳಾಗಿ, ಸೆಕೆಂಡಿಗೆ 50ರಂತೆ, ಪ್ರತಿ ಚೂರಿಗೂ ವಿಳಾಸ ಅಂಟಿಸಿಕೊಂಡು ಹೊರಡುತ್ತದೆ. ಸ್ಥಿರ ದೂರವಾಣಿಯ ಸಾಂಪ್ರದಾಯಿಕ ಗುಣಮಟ್ಟದ ಮಾತಿಗೆ ಬೇಕಾದ್ದು ಸೆಕೆಂಡಿಗೆ 64 ಕಿಲೋಬಿಟ್ ಮತ್ತು ಆ ವಿಳಾಸಗಳ ಸ್ವಲ್ಪ ಹೆಚ್ಚುವರಿ ಭಾರ ಅಷ್ಟೇ. ಆದ್ದರಿಂದ ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆಯುವ 30 ಎಂಬಿಪಿಎಸ್, 100 ಎಂಬಿಪಿಎಸ್ (ಸೆಕೆಂಡಿಗೆ ಇಷ್ಟು ಮೆಗಾಬಿಟ್, ಒಂದು ಮೆಗಾಬಿಟ್ ಎಂದರೆ ಸಾವಿರ ಕಿಲೋಬಿಟ್) ಎಂಬ ವೇಗಗಳಿಗೂ ಫೋನಿನ ಮಾತಿಗೂ ಸಂಬಂಧವಿಲ್ಲವೆಂದೇ ಹೇಳಬಹುದು. ಮಾತು ಕೆಡುವುದು ಚೂರುಗಳು ಕಳೆದುಹೋದಾಗ, ಇಲ್ಲವೇ ಒಂದು ಬೇಗ ಒಂದು ತಡವಾಗಿ ಬಂದಾಗ. ಒಂದು ಬದಿಯಿಂದ ಇನ್ನೊಂದು ಬದಿಗೆ ತಲುಪಲು 150 ಮಿಲಿಸೆಕೆಂಡಿನ ಒಳಗೆ ಸಾಕಾದರೆ ಮಾತುಕತೆಗೆ ಅಡ್ಡಿಯಾಗದು ಎಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಮಾನದಂಡ. ಫೈಬರಿನಲ್ಲಿ ಚೂರುಗಳು ಮೆರವಣಿಗೆಯ ಶಿಸ್ತಿನಲ್ಲಿ ಬರುತ್ತಿದ್ದವು. ಗಾಳಿಯ ದಾರಿಯಲ್ಲಿ ಅವು ಜಾತ್ರೆಯಲ್ಲಿ ನುಗ್ಗಿ ಬಂದಂತೆ ಬರುತ್ತವೆ. ರೌಟರು ಅವನ್ನು ಕ್ಷಣಕಾಲ ತಡೆದು ಸಾಲುಗೂಡಿಸಿ ಕಿವಿಗೆ ಕಳಿಸುತ್ತದೆ. ಮೊದಲ ನಾಲ್ಕು ತಿಂಗಳು ಈ ವ್ಯತ್ಯಾಸ ನಮಗೆ ಗೊತ್ತೇ ಆಗಲಿಲ್ಲ, ಅಷ್ಟು ಚೆನ್ನಾಗಿ ನಡೆಯಿತು.

ಜೂನ್ ಬಂತು. ಮಳೆ ಹಿಡಿದ ಮೂರನೆಯ ದಿನದಿಂದ ಅಮ್ಮನ ಮಾತಿನ ನಡುನಡುವೆ ಅಕ್ಷರಗಳು ಉದುರತೊಡಗಿದವು. "ಊಟ ಆಯ್ತಾ" ಎಂಬುದು "ಊ... ಯ್ತಾ" ಎಂದು ಕೇಳಿಸುತ್ತಿತ್ತು. ಗ್ರಾಹಕ ಸೇವೆಗೆ ಕರೆ ಮಾಡಿದಾಗಲೆಲ್ಲ ರೌಟರನ್ನು ಆರಿಸಿ ಮತ್ತೆ ಹಾಕಿ ಎಂಬ ಒಂದೇ ಮಂತ್ರ. ನಾಲ್ಕನೆಯ ದೂರಿನ ನಂತರ ಒಬ್ಬ ಹುಡುಗ ಬಂದ. ಅವನು ತಾರಸಿ ಹತ್ತಿ, ಮೊಬೈಲಿನಲ್ಲಿ ಏನನ್ನೋ ನೋಡಿ, ಎದುರಿನ ಮನೆಯ ಹಲಸಿನ ಮರವನ್ನು ತೋರಿಸಿದ. 5ಜಿಯ ಮಧ್ಯಮ ಪಟ್ಟಿಯ ಅಲೆಗಳು, ಅಂದರೆ ನಮ್ಮಲ್ಲಿ 3.3 ಗಿಗಾಹರ್ಟ್ಸ್‌ನ ಆಚೀಚಿನವು, ಬೀಳುವ ಮಳೆಗೆ ಅಷ್ಟಾಗಿ ಸೊರಗುವುದಿಲ್ಲ. ಅವನ್ನು ಹೀರುವುದು ನೀರು ತುಂಬಿಕೊಂಡು ನಿಂತ ಎಲೆಗಳ ಗುಂಪು. ಬೇಸಿಗೆಯಲ್ಲಿ ಅಳವಡಿಸಿದಾಗ ಮರ ಒಣಗಿ ತೆಳುವಾಗಿತ್ತು, ಟವರಿಗೆ ದಾರಿ ಬಿಟ್ಟುಕೊಟ್ಟಿತ್ತು. ಪೈಪನ್ನು ಕಿತ್ತು ತಾರಸಿಯ ಇನ್ನೊಂದು ಮೂಲೆಗೆ, ಹೆಚ್ಚೆಂದರೆ ಎಂಟು ಅಡಿ ಆಚೆಗೆ, ಹಾಕಿದ ಮೇಲೆ ಅಕ್ಷರಗಳೆಲ್ಲ ವಾಪಸು ಬಂದವು. ಮಲೆನಾಡಿನ ಸೆರಗಿನಲ್ಲಿರುವವರು ಇದನ್ನು ನೆನಪಿಡಬೇಕು: ಮಾರ್ಚಿನಲ್ಲಿ ಕೂರಿಸಿದ ಪೆಟ್ಟಿಗೆಯ ನಿಜವಾದ ಪರೀಕ್ಷೆ ಆಷಾಢದಲ್ಲಿ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಕರೆಂಟು. ತಾಮ್ರದ ಫೋನಿಗೆ ಬೇಕಾದ 48 ವೋಲ್ಟ್ ವಿದ್ಯುತ್ತು ಎಕ್ಸ್‌ಚೇಂಜಿನ ಬ್ಯಾಟರಿಯಿಂದ ಅದೇ ತಂತಿಯಲ್ಲಿ ಬರುತ್ತಿದ್ದುದರಿಂದ ಊರೆಲ್ಲ ಕತ್ತಲಾದರೂ ಫೋನು ಬದುಕಿರುತ್ತಿತ್ತು. ಈಗ ಮನೆಯಲ್ಲಿ ಕರೆಂಟು ಹೋದರೆ ಫೋನೂ ಹೋಯಿತು. ಇದಕ್ಕೆಂದು 12 ವೋಲ್ಟಿನ ಸಣ್ಣ ಯುಪಿಎಸ್ ತಂದು ರೌಟರಿಗೆ ಹಾಕಿ ನಿಶ್ಚಿಂತೆಯಾಗಿದ್ದೆ. ಮರುವಾರ ಕರೆಂಟು ಹೋದಾಗ ರೌಟರಿನ ದೀಪಗಳು ಉರಿಯುತ್ತಿದ್ದವು, ಫೋನು ಮಾತ್ರ ಸತ್ತಿತ್ತು. ತಾರಸಿಯ ಪೆಟ್ಟಿಗೆಗೆ ಬೇರೆಯದೇ ಅಡಾಪ್ಟರಿದೆ, ಅದು ಟಿವಿಯ ಹಿಂದಿನ ಪ್ಲಗ್ಗಿನಲ್ಲಿ ಅಡಗಿ ಕುಳಿತಿತ್ತು. ಎರಡಕ್ಕೂ ಸೇರಿ ಇನ್ವರ್ಟರ್ ಸಾಲಿನಿಂದ ಒಂದು ಪಾಯಿಂಟ್ ಎಳೆಸಿದ ಮೇಲೆ ಸಮಸ್ಯೆ ಬಗೆಹರಿಯಿತು. ಅಳವಡಿಸಲು ಬಂದವರು ಈ ಒಂದು ಮಾತನ್ನು ಬಾಯಿಬಿಟ್ಟು ಹೇಳಿದ್ದರೆ ಯುಪಿಎಸ್ಸಿನ ದುಡ್ಡು ಉಳಿಯುತ್ತಿತ್ತು.

ಗ್ಯಾಸ್ ಬುಕಿಂಗಿನದು ಇನ್ನೊಂದು ಕಥೆ. ಕನ್ನಡಕ್ಕಾಗಿ ಇಂಥ ಅಂಕಿ ಒತ್ತಿ, ಸಿಲಿಂಡರಿಗಾಗಿ 1 ಒತ್ತಿ ಎಂದು ಹೇಳುವ ಯಂತ್ರಕ್ಕೆ ಅಮ್ಮ ಒಮ್ಮೆ ಒತ್ತಿದ 1 ಎರಡು ಸಲ ಕೇಳಿಸಿ, ಅದು 'ತಪ್ಪು ಆಯ್ಕೆ' ಎಂದು ಹೇಳುತ್ತಿತ್ತು. ಗುಂಡಿಯ ಸದ್ದನ್ನು ಮಾತಿನ ಜೊತೆಗೂ ಕಳಿಸಬಹುದು, ಮಾತಿನಿಂದ ಬೇರ್ಪಡಿಸಿ ಪ್ರತ್ಯೇಕ ಸಂದೇಶವಾಗಿಯೂ ಕಳಿಸಬಹುದು. ಎರಡೂ ಏಕಕಾಲಕ್ಕೆ ಹೋದಾಗ ಆಗುವ ಎಡವಟ್ಟಿದು. ದೂರು ಕೊಟ್ಟ ಮೇಲೆ ದೂರದಿಂದಲೇ ಸರಿಪಡಿಸಿದರು, ಇದಕ್ಕೆ ಪೂರ್ಣ ಅಂಕ ಕೊಡುತ್ತೇನೆ. ಸ್ಥಿರ ದೂರವಾಣಿಯಿಂದ ಮೊಬೈಲಿಗೆ ಕರೆ ಮಾಡುವಾಗ ಮೊದಲು ಸೊನ್ನೆ ಒತ್ತಬೇಕೆಂಬ, 2021ರ ಜನವರಿ 15ರಿಂದ ಜಾರಿಗೆ ಬಂದ ನಿಯಮ ಇಲ್ಲಿಯೂ ಇದೆ.

ನ್ಯೂಜೆರ್ಸಿಯಲ್ಲಿರುವ ತಮ್ಮನ ಕರೆಗಳನ್ನು ಗಮನಿಸಿದರೆ ಈ ಬದಲಾವಣೆಯ ಇನ್ನೊಂದು ಮುಖ ಕಾಣುತ್ತದೆ. ಅವನು ಅಲ್ಲಿ ಸಂಸಾರ ಹೂಡಿದ ಹೊಸತರಲ್ಲಿ ಕಾಲಿಂಗ್ ಕಾರ್ಡ್ ಗೀಚಿ ಪಿನ್ ಒತ್ತುತ್ತಿದ್ದ. 2009ರಲ್ಲಿ ಅಂತರ್ಜಾಲದ ಮೂಲಕ ಫೋನ್ ಸೇವೆ ಕೊಡುವ ಅಮೆರಿಕದ ವೋನೇಜ್ ಕಂಪನಿ ಭಾರತವೂ ಸೇರಿ ಅರವತ್ತಕ್ಕೂ ಹೆಚ್ಚು ದೇಶಗಳಿಗೆ ತಿಂಗಳಿಗೆ ಒಂದೇ ಶುಲ್ಕದ ಯೋಜನೆ ತಂದಾಗ ಅವನ ಮನೆಯ ರೌಟರಿನ ಪಕ್ಕದಲ್ಲೂ ಒಂದು ಪೆಟ್ಟಿಗೆ ಬಂದು ಕೂತಿತು. ಆಗ ಅಂತರ್ಜಾಲದ ಮಾತು ಗೋಡೆಗೆ ಕಟ್ಟಿಹಾಕಿದ್ದ ಮಾತು. ನಮ್ಮ ದೇಶದಲ್ಲಿ ಅಂತರ್ಜಾಲ ದೂರವಾಣಿಗೆ 2002ರ ಏಪ್ರಿಲ್ 1ರಿಂದ ಅನುಮತಿ ಸಿಕ್ಕಿದ್ದರೂ, ಕಂಪ್ಯೂಟರಿನಿಂದ ವಿದೇಶದ ಫೋನಿಗೆ ಮಾತನಾಡಬಹುದಿತ್ತೇ ಹೊರತು ಪಕ್ಕದ ಬೀದಿಯ ಫೋನಿಗೆ ಮಾತನಾಡುವಂತಿರಲಿಲ್ಲ. ಆ ಬೇಲಿ ಸಡಿಲವಾದದ್ದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2017ರ ಅಕ್ಟೋಬರಿನಲ್ಲಿ ಮಾಡಿದ ಶಿಫಾರಸಿನ ನಂತರ, 2018ರಲ್ಲಿ. ಅಷ್ಟರೊಳಗೆ, 2016ರ ಸೆಪ್ಟೆಂಬರ್ 5ರಂದು ಆರಂಭವಾದ ಜಿಯೊ ಜಾಲದಲ್ಲಿ ಪ್ರತಿ ಮೊಬೈಲ್ ಕರೆಯೂ ವೋಲ್ಟೆ (4ಜಿ ಜಾಲದ ಮೇಲಿನ ಮಾತು) ಎಂಬ ಹೆಸರಿನಲ್ಲಿ ಅಂತರ್ಜಾಲದ ಚೂರುಗಳಾಗಿಯೇ ಹೋಗತೊಡಗಿತ್ತು. ನಿಯಮ ಬಾಗಿಲು ತೆರೆಯುವ ಮೊದಲೇ ಮಾತು ಕಿಟಕಿಯಿಂದ ಹೊರಗೆ ಹೋಗಿಯಾಗಿತ್ತು.

ಇಲ್ಲಿ ಒಂದು ಸೂಕ್ಷ್ಮವಿದೆ, ಈ ವಿಮರ್ಶೆಯಲ್ಲಿ ನಾನು ಒತ್ತಿ ಹೇಳಬೇಕೆಂದಿರುವುದು ಅದನ್ನೇ. ವೋಲ್ಟೆ ಕರೆಗೆ ಮೊಬೈಲ್ ಜಾಲದೊಳಗೆ ಮೀಸಲು ದಾರಿಯಿರುತ್ತದೆ; ಪಕ್ಕದ ಮನೆಯವರೆಲ್ಲ ಕ್ರಿಕೆಟ್ ನೋಡುತ್ತಿದ್ದರೂ ಆ ಚೂರುಗಳಿಗೆ ಆಂಬುಲೆನ್ಸಿನಂತೆ ಮೊದಲು ಹಾದಿ ಸಿಗುತ್ತದೆ. ವಾಟ್ಸಾಪ್ ಮುಂತಾದ ಆ್ಯಪ್‌ಗಳ ಮಾತಿಗೆ ಆ ಸವಲತ್ತಿಲ್ಲ. ಅದು ವಿಡಿಯೋ, ಚಿತ್ರ, ಡೌನ್‌ಲೋಡುಗಳ ಜೊತೆ ಒಂದೇ ಸಾಲಿನಲ್ಲಿ ನಿಲ್ಲುತ್ತದೆ. ಫೈಬರಿನ ಕಾಲದಲ್ಲಿ ದಾರಿಯೇ ಅಗಲವಾಗಿದ್ದುದರಿಂದ ಈ ಭೇದ ಕಾಣುತ್ತಿರಲಿಲ್ಲ. ಗಾಳಿಗೆ ಬಂದ ಮೇಲೆ ಕಾಣುತ್ತದೆ. ಭಾನುವಾರ ಸಂಜೆ ಎಂಟರಿಂದ ಹತ್ತರವರೆಗೆ ತಮ್ಮನ ವಾಟ್ಸಾಪ್ ಕರೆ ಬಡಾವಣೆಯ ದಟ್ಟಣೆಯಲ್ಲಿ ತೊದಲುತ್ತದೆ, ಅದೇ ಹೊತ್ತಿಗೆ, ಕಂಪನಿಯ ಮೀಸಲು ದಾರಿಯಲ್ಲೇ ಮಾತು ಬರುವ ಸ್ಟೂಲಿನ ಮೇಲಿನ ಫೋನಿಗೆ ನಾನು ಬೆಂಗಳೂರಿನಿಂದ ಮಾಡುವ ಕರೆ ಸರಾಗವಾಗಿರುತ್ತದೆ. ಹದಿನಾಲ್ಕು ತಿಂಗಳಲ್ಲಿ ಇದನ್ನು ಎಷ್ಟೋ ಸಲ ಹೋಲಿಸಿ ನೋಡಿದ್ದೇನೆ. ತಂತಿಯೋ ಗಾಳಿಯೋ ಎಂದು ಕೇಳುವುದಕ್ಕಿಂತ ಮಾತಿಗೆ ಮೀಸಲು ದಾರಿ ಇದೆಯೇ ಎಂದು ಕೇಳುವುದು ಹೆಚ್ಚು ಉಪಯುಕ್ತ.

ವೈಫೈ ಕಾಲಿಂಗ್, ಅಂದರೆ ಟವರಿನ ಬದಲು ಮನೆಯ ವೈಫೈ ಮೂಲಕ ಮೊಬೈಲ್ ಕರೆ ಮಾಡುವುದರ ಕುರಿತು ಎರಡು ಮಾತು. 2019ರ ಡಿಸೆಂಬರಿನಲ್ಲಿ ಏರ್‌ಟೆಲ್, ಮರುತಿಂಗಳು ಜಿಯೊ ಇದನ್ನು ಆರಂಭಿಸಿದವು. ನಮ್ಮ ದೇವರ ಕೋಣೆಯ ಸುತ್ತ ಒಂದೂವರೆ ಅಡಿ ದಪ್ಪದ ಜಂಬಿಟ್ಟಿಗೆ ಗೋಡೆಗಳಿರುವುದರಿಂದ ಅಲ್ಲಿ ಮೊಬೈಲ್ ಸಿಗ್ನಲ್ ಕಡ್ಡಿ ಒಂದೂ ಇರುವುದಿಲ್ಲ, ಆದರೆ ರೌಟರಿನ ವೈಫೈ ಹೇಗೋ ನುಸುಳುತ್ತದೆ. ಅಲ್ಲಿ ಆರಂಭಿಸಿದ ಮೊಬೈಲ್ ಕರೆಯನ್ನು ಹಿಡಿದುಕೊಂಡು ಅಮ್ಮ ತುಳಸಿಕಟ್ಟೆ ದಾಟಿ ಗೇಟಿನವರೆಗೆ ಹೋದರೂ ಮಾತು ಕಡಿಯದೆ ವೈಫೈನಿಂದ ಟವರಿಗೆ ದಾಟಿಕೊಳ್ಳುತ್ತದೆ. ಕೆಲವೊಮ್ಮೆ ಫೋನು ಸೊರಗಿದ ವೈಫೈಯನ್ನೇ ಗಟ್ಟಿಯಾಗಿ ಹಿಡಿದುಕೊಂಡು ಗೇಟಿನ ಬಳಿ ಒಂದೆರಡು ಕ್ಷಣ ಮೌನವಾಗುವುದುಂಟು.

ಖರ್ಚಿನ ವಿಷಯದಲ್ಲಿ ದೂರಿಲ್ಲ: ತೆರಿಗೆ ಸೇರಿ ತಿಂಗಳಿಗೆ 700 ರೂಪಾಯಿಯ ಆಸುಪಾಸಿನಲ್ಲಿ ಫೋನು, ಅಂತರ್ಜಾಲ, ಟಿವಿ ಮೂರೂ ಸಿಗುತ್ತವೆ. ಗಟ್ಟಿಯಾದ ಫೈಬರ್ ನೆಲದಡಿಯಲ್ಲಿ ಬಂದಿರುವ ಬೀದಿಯವರು ಅದನ್ನು ಬಿಟ್ಟು ಇದಕ್ಕೆ ಬರುವ ಅಗತ್ಯ ನನಗೆ ಕಾಣುವುದಿಲ್ಲ. ಕಂಬಗಳ ಮೇಲೆ ಜೋತಾಡುವ ಫೈಬರಿನವರು, ತಾರಸಿಯಿಂದ ಟವರಿನ ತುದಿ ಕಣ್ಣಿಗೆ ಕಾಣುವುದಾದರೆ, ಧಾರಾಳವಾಗಿ ಹಾಕಿಸಿಕೊಳ್ಳಬಹುದು. ನಾವು ಕಳೆದ ವಾರ ಮತ್ತೆ ಹಣ ಕಟ್ಟಿದೆವು. ವರ್ಷಕ್ಕೆ ಒಟ್ಟಿಗೆ ಕಟ್ಟಿದರೆ ಒಂದಿಷ್ಟು ರಿಯಾಯಿತಿಯಿತ್ತು, ಆದರೂ ಆರು ತಿಂಗಳಿಗಷ್ಟೇ ಕಟ್ಟಿದ್ದೇವೆ. ಹಲಸಿನ ಮರದ ಪಕ್ಕದ ಸೈಟಿನಲ್ಲಿ, ಪೆಟ್ಟಿಗೆಗೂ ಟವರಿಗೂ ಸರಿಯಾಗಿ ನಡುವೆ, ಯಾರೋ ಮನೆ ಕಟ್ಟಿಸುತ್ತಿದ್ದಾರೆ. ಎರಡನೆಯ ಮಹಡಿಯ ಮೋಲ್ಡ್ ಆಗಿದೆ, ಪಿಲ್ಲರಿನ ಕಂಬಿಗಳು ಇನ್ನೂ ಮೇಲಕ್ಕೇ ಚಾಚಿಕೊಂಡಿವೆ.