ಕನಾಲ್ ದ್ಯು ಮಿದಿ ಸೈಕಲ್ ಪ್ಯಾಕೇಜ್: ದುಡ್ಡು ಕಟ್ಟುವ ಮುಂಚೆ ಟೈರಿನ ಅಗಲ ಕೇಳಿ

ಫ್ರಾನ್ಸಿನ ಕನಾಲ್ ದ್ಯು ಮಿದಿ ಅನ್ನುವ ಹಳೆಯ ಕಾಲುವೆಯ ದಂಡೆಯಲ್ಲಿ ಸೈಕಲ್ ಪ್ರವಾಸ ಅಂತ ಈಗೀಗ ನಮ್ಮವರೂ ಬುಕ್ ಮಾಡುತ್ತಿದ್ದಾರೆ. "ಏರೇ ಇಲ್ಲ, ಪೂರ್ತಿ ಸಮತಟ್ಟು, ವಯಸ್ಸಾದವರೂ ಆರಾಮಾಗಿ ಹೋಗಬಹುದು" ಅನ್ನುತ್ತಾರೆ ಮಾರುವವರು. ಏರಿಲ್ಲ ಅನ್ನುವುದು ಹೆಚ್ಚುಕಮ್ಮಿ ನಿಜ. ಆರಾಮ ಅನ್ನುವುದು ಮೊದಲ 50 ಕಿಲೋಮೀಟರಿಗೆ ಮಾತ್ರ ನಿಜ. ನಾನು, ಅಕ್ಕ, ಭಾವ ಕಳೆದ ಜುಲೈನಲ್ಲಿ ಹೋಗಿದ್ದೆವು. ಭಾವ ಮಣಿಕಟ್ಟಿಗೆ ಕಟ್ಟು ಹಾಕಿಸಿಕೊಂಡು, ಮೂವರೂ ಅರ್ಧದಲ್ಲೇ ರೈಲು ಹತ್ತಿ ವಾಪಸ್ ಬಂದೆವು. ಕಂಪನಿಯ ಹೆಸರು ಬರೆಯುವುದಿಲ್ಲ. ಇದೇ ಥರದ ಪ್ಯಾಕೇಜ್ ಮಾರುವವರು ಅಲ್ಲಿ ಬೇಕಾದಷ್ಟು ಜನ ಇದ್ದಾರೆ, ಯಾರ ಹತ್ತಿರ ಹೋದರೂ ಕೇಳಬೇಕಾದ ಪ್ರಶ್ನೆಗಳು ಇವೇ.

ಕಾಲುವೆಯ ಬಗ್ಗೆ ನನಗೆ ಒಂದು ತಕರಾರೂ ಇಲ್ಲ. ಪಿಯೆರ್ ಪಾಲ್ ರಿಕೆ ಎಂಬಾತ 1666ರಲ್ಲಿ ಶುರು ಮಾಡಿಸಿದ ಕೆಲಸ, 1681ಕ್ಕೆ ಮುಗಿಯುವ ಹೊತ್ತಿಗೆ ಆತನೇ ಇರಲಿಲ್ಲ. ತುಲೂಸ್ ಊರಿನಿಂದ ಮೆಡಿಟರೇನಿಯನ್ ಕಡೆಗೆ 240 ಕಿಲೋಮೀಟರ್. 1996ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ನೋಡಲೇಬೇಕಾದ ಜಾಗ. ಆದರೆ ಹಳೆಯ ಕಾಲುವೆಯ ದಂಡೆ ಬೇರೆ, ಸೈಕಲ್ ರಸ್ತೆ ಬೇರೆ ಅಲ್ವಾ? ಆ ದಂಡೆ ಇದ್ದದ್ದು ದೋಣಿ ಎಳೆಯುವ ಕುದುರೆಗಳಿಗೆ. ಎಷ್ಟೋ ಕಡೆ ಈಗಲೂ ಅದು ಕುದುರೆ ದಾರಿಯೇ.

ತುಲೂಸ್‌ನಿಂದ ಹೊರಟರೆ ಪೋರ್ ಲೊರಗೆ ಅನ್ನುವ ದೋಣಿ ತಂಗುದಾಣದವರೆಗೆ ಚೆಂದದ ಟಾರು. ಬದಿಗೆ ನೀರು, ಮೇಲೆ ಪ್ಲೇನ್ ಅನ್ನುವ ಜಾತಿಯ ಮರಗಳ ನೆರಳು. ಭಾವ ಮೈಸೂರಿನಲ್ಲಿ ದಿನಾ ಬೆಳಿಗ್ಗೆ ಸೈಕಲ್ ತುಳಿಯುವವರು, ಅವರಿಗೆ ಅದು ಆಟ. ನಮ್ಮನ್ನು ಹಿಂದೆ ಬಿಟ್ಟು ಹೋಗಿ ಮುಂದಿನ ಸೇತುವೆ ಹತ್ತಿರ ಕಾಯುತ್ತಿದ್ದರು. ಪ್ಯಾಕೇಜಿನ ಫೋಟೋಗಳೆಲ್ಲ ಈ ಭಾಗದವೇ ಅಂತ ಅನ್ನಿಸಿದ್ದು ಆಮೇಲೆ. ಇಲ್ಲಿ ಕಾಡಬಹುದಾದದ್ದು ಒಂದೇ, ಗಾಳಿ. ಆಗ್ನೇಯದಿಂದ ಓತಾನ್ ಅನ್ನುವ ಗಾಳಿ ಬೀಸಿದರೆ ಸಮುದ್ರದ ಕಡೆ ಹೋಗುವವರಿಗೆ ನೇರ ಎದುರು. ಏರಿಲ್ಲದ ದಾರಿಯಲ್ಲೂ ತೊಡೆ ನೋಯುತ್ತದೆ. ಅದೃಷ್ಟ, ನಮಗೆ ಅದು ಸಿಗಲಿಲ್ಲ.

ಪೋರ್ ಲೊರಗೆ ದಾಟಿ ಜಿಲ್ಲೆಯ ಗಡಿ ಬಂತು ನೋಡಿ, ಟಾರು ಮಾಯ. ಮೊದಲು ಜಲ್ಲಿಪುಡಿ, ಮುಂದೆ ಮುಂದೆ ಮಣ್ಣು. "ಅಲ್ಲಯ್ಯಾ, ಟಾರ್ ರೋಡ್ ಅಂದಿದ್ರಲ್ಲ?" ಅಂತ ಭಾವ ಕೇಳಿದರು. ಹೌದು, ಅಂದಿದ್ದರು. ಆ ಜಿಲ್ಲೆಯಲ್ಲಿ ದಾರಿ ಸುಧಾರಿಸುವ ಕೆಲಸ ತುಂಡು ತುಂಡಾಗಿ ನಡೆಯುತ್ತಿದೆ. ಅದಕ್ಕೇ "ದಾರಿ ಹೇಗಿದೆ" ಅಂತ ಒಟ್ಟಿಗೆ ಕೇಳಬೇಡಿ. ಇಂಥ ಊರಿನಿಂದ ಇಂಥ ಊರಿಗೆ ಟಾರೋ, ಜಲ್ಲಿಯೋ, ಮಣ್ಣೋ ಅಂತ ತುಂಡು ತುಂಡಾಗಿಯೇ ಬರೆಸಿಕೊಳ್ಳಿ.

ನೊರೂಜ್ ಅನ್ನುವ ಜಾಗ ಇಡೀ ಕಾಲುವೆಯ ನೆತ್ತಿ, ಸಮುದ್ರ ಮಟ್ಟದಿಂದ 189 ಮೀಟರ್. ಬೆಟ್ಟದ ನೀರು ಇಲ್ಲಿಗೆ ಬಂದು ಒಂದು ಪಾಲು ಅಟ್ಲಾಂಟಿಕ್ ಕಡೆಗೆ, ಒಂದು ಪಾಲು ಮೆಡಿಟರೇನಿಯನ್ ಕಡೆಗೆ ಹೋಗುತ್ತದೆ. ಅಲ್ಲಿ ನಿಂತು ಫೋಟೋ ತೆಗೆಯುವಾಗಲೇ ಅಕ್ಕನ ಹಿಂದಿನ ಚಕ್ರ ಪಂಚರ್. ಟೈರ್ ತಿರುಗಿಸಿ ನೋಡಿದರೆ ಒಣಗಿದ ಸಣ್ಣ ಕಾಯಿ ಅಂಟಿಕೊಂಡಿದೆ, ಅದರಿಂದ ಕೊಂಬಿನ ಹಾಗೆ ಮುಳ್ಳು ಹೊರಟಿದೆ. "ಅಯ್ಯೋ, ಇದು ನಮ್ಮ ನೆಗ್ಗಿಲು ಮುಳ್ಳು ಕಣೋ!" ಅಂದಳು ಅಕ್ಕ. ನಿಜ, ಅದೇ ಗಿಡ ದಕ್ಷಿಣ ಫ್ರಾನ್ಸಿನಲ್ಲೂ ಇದೆ. ನೀವು ಎಷ್ಟೇ ನೋಡಿಕೊಂಡು ಓಡಿಸಿದರೂ ತೆಳು ಟೈರಿಗೆ ಅದರಿಂದ ಬಚಾವಿಲ್ಲ.

ನಿಜವಾದ ಪೇಚಾಟ ಶುರುವಾದದ್ದು ಆಮೇಲೆ. ಕಂಪನಿ ಕೊಟ್ಟ ಚೀಲದಲ್ಲಿ ಪ್ಯಾಚು, ಗೋಂದು, ಟ್ಯೂಬು, ಪಂಪು ಎಲ್ಲ ಇತ್ತು. ಆದರೆ ಪಂಪಿನ ಬಾಯಿ ಕಾರಿನ ಟೈರಿಗೆ ಇರುತ್ತದಲ್ಲ, ಆ ದಪ್ಪ ವಾಲ್ವಿನದು. ಟ್ಯೂಬಿನದು ತೆಳ್ಳಗಿನ ಪ್ರೆಸ್ಟಾ ವಾಲ್ವು. ಒಂದಕ್ಕೊಂದು ಕೂರುವುದೇ ಇಲ್ಲ. ಹೆಲ್ಪ್‌ಲೈನಿಗೆ ಫೋನ್ ಮಾಡಿದರೆ ಮಧ್ಯಾಹ್ನದ ಊಟದ ಹೊತ್ತು, ಎತ್ತುವವರಿಲ್ಲ. ಎರಡು ಗಂಟೆ ಮೇಲೆ ಎತ್ತಿದವರು "ವ್ಯಾನ್ ಬರುವಂಥ ರಸ್ತೆಗೆ ನೀವೇ ಬನ್ನಿ, ದಂಡೆಗೆ ಬರೋದಿಲ್ಲ" ಅಂದರು. ಪ್ಯಾಕೇಜಿನಲ್ಲಿ "ದಾರಿಯುದ್ದಕ್ಕೂ ಸಹಾಯ" ಅಂತ ದೊಡ್ಡದಾಗಿ ಬರೆದಿತ್ತು, ಅದರ ಅರ್ಥ ಇಷ್ಟೇ. ಕೊನೆಗೆ ಕಾಪಾಡಿದ್ದು ಆ ದಾರಿಯಲ್ಲಿ ಬಂದ ಒಂದು ಡಚ್ ಜೋಡಿ. ಅವರ ಚೀಲದಲ್ಲಿ ಬೆರಳ ತುದಿಯಷ್ಟು ದೊಡ್ಡ ಹಿತ್ತಾಳೆ ಅಡಾಪ್ಟರ್ ಇತ್ತು. ಅದನ್ನು ತೆಳು ವಾಲ್ವಿನ ಮೇಲೆ ತಿರುಗಿಸಿದರೆ ದಪ್ಪ ಪಂಪು ಕೂರುತ್ತದೆ. ಗಾಳಿ ಹಾಕುವ ಮುಂಚೆ ವಾಲ್ವಿನ ತಲೆಯ ಪುಟ್ಟ ನಟ್ಟು ಸಡಿಲಿಸಬೇಕು ಅಂತಲೂ ಅವರೇ ತೋರಿಸಿದರು. ಸೈಕಲ್ ಕೈಗೆ ಬಂದ ಕೂಡಲೇ ಪಂಪು ಹಾಕಿ ನೋಡಿ. ಅಂಗಡಿಯಲ್ಲೇ, ಅವರ ಎದುರಿಗೇ.

ಫೋನಿನಲ್ಲಿ "ಎಲ್ಲಿದ್ದೀರಿ" ಅಂತ ಕೇಳಿದರೆ ಹೇಳುವುದು ಹೇಗೆ ಅನ್ನುವುದಕ್ಕೆ ಒಂದು ಉಪಾಯ ಇದೆ. ದೋಣಿ ಏರಿಸಿ ಇಳಿಸುವ ಪ್ರತಿ ಲಾಕ್‌ಗೇಟಿನ ಪಕ್ಕ ಕಾವಲುಗಾರರ ಹಳೇ ಮನೆ ಇರುತ್ತದೆ. ಗೋಡೆಯ ಮೇಲಿನ ಫಲಕದಲ್ಲಿ ಆ ಗೇಟಿನ ಹೆಸರು, ಹಿಂದಿನ ಗೇಟಿಗೆ ಎಷ್ಟು ಮೀಟರ್, ಮುಂದಿನದಕ್ಕೆ ಎಷ್ಟು ಅಂತ ಬರೆದಿರುತ್ತಾರೆ. ದಾಟುವಾಗ ಅದರ ಫೋಟೋ ಹೊಡೆದುಕೊಳ್ಳಿ.

ಕಾಸ್ತೆಲ್‌ನೊದರಿಯಲ್ಲಿ ಉಳಿದೆವು. ಸೋಮವಾರ. ಆ ಕಡೆ ಭಾನುವಾರ ರಾತ್ರಿ, ಸೋಮವಾರ ಎಷ್ಟೋ ಹೋಟೆಲು ಬಂದ್. ತೆರೆದದ್ದರಲ್ಲಿ ಊರಿನ ಹೆಸರುವಾಸಿ ಅಡುಗೆ ಕಸ್ಸುಲೆ. ಮಡಕೆಯಲ್ಲಿ ಬಿಳಿ ಕಾಳು ಕಂಡು ಭಾವ ಖುಷಿಯಾದರು. ಅದರಲ್ಲಿ ಬಾತುಕೋಳಿ, ಹಂದಿಮಾಂಸ ಎರಡೂ ಇರುತ್ತದೆ ಅಂತ ಗೊತ್ತಾಗಿ ಬ್ರೆಡ್ಡು, ಚೀಸು, ಟೊಮ್ಯಾಟೋದಲ್ಲೇ ರಾತ್ರಿ ಕಳೆದರು. ಸಸ್ಯಾಹಾರಿಗಳು ಶನಿವಾರವೇ ಅಂಗಡಿಯಿಂದ ಏನಾದರೂ ತಂದಿಟ್ಟುಕೊಳ್ಳುವುದು ವಾಸಿ. ಅಷ್ಟರಲ್ಲಿ ನಮ್ಮ ಲಗೇಜು ಬೇರೆ ಯಾವುದೋ ಹೋಟೆಲಿಗೆ ಹೋಗಿತ್ತು. ಬಂದದ್ದು ರಾತ್ರಿ ಹತ್ತಕ್ಕೆ. ಅದನ್ನು ಹೋಗಲಿ ಬಿಡಿ.

ಕಾರ್ಕಸೋನ್ ದಾಟಿದ ಮೇಲೆ ಟ್ರೆಬ್‌ನಿಂದ ಮಾರ್ಸೆಯೆತ್ ಕಡೆಗೆ ದಾರಿ ಪೂರ್ತಿ ಕೆಟ್ಟಿತು. ಹುಲ್ಲಿನ ನಡುವೆ ಒಂದು ಗೇಣು ಅಗಲದ ಜಾಡು, ಒಂದು ಬದಿಗೆ ನೀರು. ಮರ ಉಳಿದ ಕಡೆ ಬೇರು, ಮರ ಹೋದ ಕಡೆ ಬಿಸಿಲು. ಈ ಮರದ ಕತೆಯನ್ನೂ ಯಾರೂ ಮೊದಲೇ ಹೇಳುವುದಿಲ್ಲ. ಪ್ಲೇನ್ ಮರಗಳಿಗೆ ಒಂದು ಶಿಲೀಂಧ್ರ ರೋಗ ಬಂದಿದೆ, ಈ ಕಾಲುವೆಯಲ್ಲಿ ಮೊದಲು ಕಂಡದ್ದು 2006ರಲ್ಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯದ ಮದ್ದುಗುಂಡಿನ ಮರದ ಪೆಟ್ಟಿಗೆಗಳ ಜೊತೆ ಫ್ರಾನ್ಸಿಗೆ ಬಂತು ಅನ್ನುತ್ತಾರೆ. ಮದ್ದಿಲ್ಲ. ರೋಗ ಬಂದ ಮರ, ಅದರ ಅಕ್ಕಪಕ್ಕದ ಮರ ಕಡಿದು ಸುಡಬೇಕು. ದಂಡೆಯ ಸುಮಾರು 42,000 ಮರಗಳಲ್ಲಿ ದೊಡ್ಡ ಪಾಲು ಈಗಾಗಲೇ ಹೋಗಿದೆ. ಬೇರೆ ಜಾತಿಯ ಸಸಿ ನೆಟ್ಟಿದ್ದಾರೆ, ಅವು ಬೆಳೆದು ನೆರಳಾಗಲು ಇನ್ನೂ ಕಾಲ ಬೇಕು. ಜುಲೈನಲ್ಲಿ ಅಲ್ಲಿ 35 ಡಿಗ್ರಿ ದಾಟುವುದು ಮಾಮೂಲು. ಮರದ ಚಪ್ಪರದ ಫೋಟೋ ತೋರಿಸಿದರೆ ಅದು ಯಾವ ಊರು, ಯಾವ ವರ್ಷದ್ದು ಅಂತ ಕೇಳಿ.

ಹಿಂದಿನ ರಾತ್ರಿ ಮಳೆ ಬಿದ್ದಿತ್ತು. ಜಾಡಿಗೆ ಅಡ್ಡಲಾಗಿ ಓರೆಯಾಗಿ ಮಲಗಿದ್ದ ಒದ್ದೆ ಬೇರಿನ ಮೇಲೆ ಭಾವನ ಮುಂದಿನ ಚಕ್ರ ಹತ್ತಲಿಲ್ಲ, ಬೇರಿನ ಗುಂಟ ಜಾರಿತು. ನೀರಿನ ಕಡೆಗೆ ಬೀಳಲಿಲ್ಲ, ಪುಣ್ಯ. ಬಲಗೈ ಊರಿದರು. ಎದ್ದು ಕೂತು "ಏನಾಗಿಲ್ಲ, ಏನಾಗಿಲ್ಲ" ಅಂದರು, ಹತ್ತು ನಿಮಿಷದಲ್ಲಿ ಮಣಿಕಟ್ಟು ಊದಿಕೊಂಡಿತು. ಸೈಕಲ್ ತಳ್ಳಿಕೊಂಡು ರಸ್ತೆ ಸೇರಿ, ಟ್ಯಾಕ್ಸಿ ಹಿಡಿದು ಕಾರ್ಕಸೋನ್‌ಗೆ ವಾಪಸ್. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದು ಸಣ್ಣ ಬಿರುಕು ಅಂದರು. ಷೆಂಗೆನ್ ವೀಸಾಕ್ಕೆ ಹೇಗೂ 30,000 ಯೂರೋ ಮೊತ್ತದ ಮೆಡಿಕಲ್ ಇನ್ಶೂರೆನ್ಸ್ ಮಾಡಿಸಿಯೇ ಇರುತ್ತೀರಿ. ವರದಿ, ಬಿಲ್ಲು ಎರಡೂ ಜೋಪಾನ ಮಾಡಿದ್ದರಿಂದ ಆ ದುಡ್ಡು ಬಂತು. ಸೈಕಲ್ಲಿಗೆ ಆದ ಡ್ಯಾಮೇಜು ಮಾತ್ರ ನಮ್ಮ ಪಾಲಿಸಿಯಲ್ಲಿ ಇರಲಿಲ್ಲ.

ಈಗ ದುಡ್ಡಿನ ವಿಷಯ. ಒಂದೊಂದು ಸೈಕಲ್ಲಿಗೆ 300 ಯೂರೋ ಡಿಪಾಸಿಟ್ ಕಾರ್ಡಿನಲ್ಲಿ ಹಿಡಿದಿಟ್ಟಿದ್ದರು. ಭಾವನ ಸೈಕಲ್ಲಿನ ಲೆಕ್ಕದಲ್ಲಿ 220 ಕತ್ತರಿಸಿದರು. ಚಕ್ರ ಸೊಟ್ಟ, ಒಂದು ಟ್ಯೂಬು, ಮೇಲೆ ಪ್ರವಾಸ ಮುಗಿಯಬೇಕಿದ್ದ ಸೆತ್ ಊರಿನ ಬದಲು ಕಾರ್ಕಸೋನ್‌ನಲ್ಲಿ ಬಿಟ್ಟಿದ್ದಕ್ಕೆ ಸಾಗಾಟದ ಖರ್ಚು. ಮುಂದಿನ ಊರುಗಳ ಹೋಟೆಲ್ ದುಡ್ಡಿನಲ್ಲಿ ಒಂದು ಪೈಸೆಯೂ ವಾಪಸ್ ಇಲ್ಲ. ಅಕ್ಕ ಎಲ್ಲದಕ್ಕೂ ಫೋಟೋ ತೆಗೆಯುವವಳು. ಮೊದಲ ದಿನ ಅಂಗಡಿಯ ಮುಂದೆ ತೆಗೆದ ಒಂದು ಚಿತ್ರದಲ್ಲಿ ಟೈರಿನ ಬದಿಯ ಅಂಕಿ ಸ್ಪಷ್ಟವಾಗಿತ್ತು, 700×28. ಅಂದರೆ 28 ಮಿಲಿಮೀಟರ್ ಅಗಲ, ಟಾರು ರಸ್ತೆಯ ಟೈರು. ಬುಕಿಂಗ್ ಮೇಲ್‌ನಲ್ಲಿ "ಕಾಲುವೆ ದಾರಿಗೆ ತಕ್ಕ ಸೈಕಲ್" ಅಂತ ಅವರೇ ಬರೆದಿದ್ದರು. ಎರಡನ್ನೂ ಬ್ಯಾಂಕಿಗೆ ಕಳಿಸಿ ತಕರಾರು ಹಾಕಿದ ಮೇಲೆ ಚಕ್ರದ ದುಡ್ಡು ಹಿಂದೆ ಬಂತು. ಸಾಗಾಟದ್ದು ಬರಲಿಲ್ಲ, ಅದು ಕರಾರಿನ ಸಣ್ಣ ಅಕ್ಷರದಲ್ಲಿ ಇತ್ತು. ಆ ದಾರಿಗೆ ಕಡಿಮೆ ಅಂದರೂ 40 ಮಿಲಿಮೀಟರ್ ಟೈರು ಬೇಕು, ಅಗಲ ಜಾಸ್ತಿ ಇದ್ದಷ್ಟೂ ಒಳ್ಳೆಯದು.

ಅರ್ಧಕ್ಕೆ ನಿಲ್ಲಿಸಬೇಕಾದರೆ ಕಾರ್ಕಸೋನ್‌ನಲ್ಲೇ ನಿಲ್ಲಿಸಿ. ಅಲ್ಲಿಯವರೆಗೆ ತುಲೂಸ್ ರೈಲು ಮಾರ್ಗ ಕಾಲುವೆಗೆ ಹತ್ತಿರವೇ ಇದೆ, ಕಾಸ್ತೆಲ್‌ನೊದರಿಯಲ್ಲೂ ಸ್ಟೇಷನ್ ಇದೆ. ಕಾರ್ಕಸೋನ್ ದಾಟಿದ ಮೇಲೆ ರೈಲು ದಕ್ಷಿಣಕ್ಕೆ ಲೆಜಿನ್ಯಾಂ ಕಡೆ ಸರಿಯುತ್ತದೆ, ಕಾಲುವೆ ಉತ್ತರದ ದ್ರಾಕ್ಷಿ ತೋಟಗಳ ಕಡೆ ಹೋಗುತ್ತದೆ. ಓಂಪ್ಸ್ ಹತ್ತಿರ ಕೈಕೊಟ್ಟರೆ ಸ್ಟೇಷನ್ನಿಗೆ ಹತ್ತು ಕಿಲೋಮೀಟರ್ ದೂರ.

ಮನೆಯ ಹಿರಿಯರ ಜೊತೆ ಹೋಗುವವರು ಸುಮ್ನೆ ಇಡೀ 240 ಕಿಲೋಮೀಟರಿನ ಆಸೆಗೆ ಬೀಳಬೇಡಿ. ತುಲೂಸ್‌ನಿಂದ ಪೋರ್ ಲೊರಗೆವರೆಗೆ ತುಳಿಯಿರಿ. ಬೆಜಿಯೆ ಊರಿಗೆ ರೈಲಿನಲ್ಲಿ ಹೋಗಿ ಫೋನ್ಸೆರಾನ್ ಲಾಕ್‌ಗೇಟುಗಳ ಮೆಟ್ಟಿಲು ನೋಡಿ, ಅಲ್ಲಿಂದ ಸಮುದ್ರದ ಕಡೆ ಪೋರ್ತಿರಾನ್ಯ್‌ವರೆಗೂ ಟಾರು ದಾರಿ ಇದೆ. ದಿನಗಟ್ಟಲೆ ತುಳಿಯಲೇಬೇಕು ಅಂದರೆ ತುಲೂಸ್‌ನಿಂದ ಉಲ್ಟಾ ದಿಕ್ಕಿಗೆ, ಬೋರ್ಡೋ ಕಡೆಗೆ ಹೋಗುವ ಗರೋನ್ ಕಾಲುವೆ ಹಿಡಿಯಿರಿ. ಅದರ ಉದ್ದ 193 ಕಿಲೋಮೀಟರ್, ದಂಡೆ ಹೆಚ್ಚುಕಮ್ಮಿ ಪೂರ್ತಿ ಟಾರು. ಅಷ್ಟು ಹೆಸರು ಮಾಡಿಲ್ಲ, ಅಷ್ಟೇ.

ಈಗಾಗಲೇ ಮಿದಿ ಪ್ಯಾಕೇಜಿಗೆ ದುಡ್ಡು ಕಟ್ಟಿದ್ದೀರಾ? ಇವತ್ತೇ ಮೇಲ್ ಹಾಕಿ: ಟೈರಿನ ಅಗಲ ಎಷ್ಟು, ಪಂಪು ಯಾವ ವಾಲ್ವಿನದು, ಸಹಾಯದ ವ್ಯಾನ್ ದಂಡೆಯ ಯಾವ ಯಾವ ಜಾಗಕ್ಕೆ ಬರುತ್ತದೆ, ಸೈಕಲ್ ನಡುವಿನ ಊರಿನಲ್ಲಿ ಬಿಟ್ಟರೆ ಎಷ್ಟು ಕೀಳುತ್ತೀರಿ. ಫೋನಿನಲ್ಲಿ ಕೇಳಬೇಡಿ, ಉತ್ತರ ಬರಹದಲ್ಲಿ ಇರಲಿ.